ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸಾಗರದಲ್ಲಿರುವ ನನ್ನ ಮೇಷ್ಟ್ರ ಮನೆಯ ಅಟ್ಟದಲ್ಲಿ ಅವರ ತಂದೆ ಬರೆದಿಟ್ಟ ತಾಳಮದ್ದಳೆ ಪ್ರಸಂಗಗಳಿದ್ದವು. ದಪ್ಪ ದಾರದಲ್ಲಿ ಹೊಲಿದ, ಅಂಚನ್ನು ಗೆದ್ದಲು ತಿಂದ ಕೈಬರಹದ ಪುಸ್ತಕಗಳು. ನಿವೃತ್ತರಾದ ಮೇಲೆ ಮೇಷ್ಟ್ರು ಹಿಡಿದ ಕೆಲಸವೆಂದರೆ ದಿನಕ್ಕೆ ಹತ್ತು ಹದಿನೈದು ಪುಟದಂತೆ ಅವನ್ನು ಸ್ಕ್ಯಾನ್ ಮಾಡಿ ಇಡುವುದು. ಕಳೆದ ವರ್ಷ ಅವರ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಮಗಳು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಳು. ಸ್ಕ್ಯಾನರಿನ ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಸ್ಕ್ಯಾನರನ್ನು ಚೀಲದಲ್ಲಿ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದರು. ಅಲ್ಲಿನ ಹುಡುಗ ಅದನ್ನು ಮಗುಚಿ ಮಾಡೆಲ್ ನಂಬರ್ ಓದಿದ, ಫೋನಿನಲ್ಲಿ ಏನೋ ಹುಡುಕಿದ, "ಇದು ಓಲ್ಡ್ ಮಾಡೆಲ್ ಸರ್, ಸಪೋರ್ಟ್ ಇಲ್ಲ. ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಎಂದ. ಆ ರಾತ್ರಿ ಮೇಷ್ಟ್ರು ನನಗೆ ಫೋನ್ ಮಾಡಿದರು. "ಹಾಳಾಗಿದೆಯಂತೆ ಮಾರಾಯ" ಅಂದರು.

ಮುಂದಿನ ಭಾನುವಾರ ಸಾಗರಕ್ಕೆ ಹೋದೆ. ಜೇಬಿನಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ತುಂಬಿದ ಒಂದು ಪೆನ್ ಡ್ರೈವ್ ಇತ್ತು. ಹೊಸ ಲ್ಯಾಪ್‌ಟಾಪನ್ನು ಆ ಪೆನ್ ಡ್ರೈವಿನಿಂದಲೇ ಶುರು ಮಾಡಿದೆ, ಒಳಗಿದ್ದ ವಿಂಡೋಸನ್ನು ಮುಟ್ಟಲಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಸ್ಕ್ಯಾನರ್. ಸ್ಕ್ಯಾನ್ ಮಾಡುವ ಪ್ರೋಗ್ರಾಂ ತೆರೆದರೆ ಪಟ್ಟಿಯಲ್ಲಿ ಸ್ಕ್ಯಾನರಿನ ಹೆಸರು ಕಂಡಿತು. ಪ್ರಿವ್ಯೂ ಒತ್ತಿದೆ. ಒಳಗಿನ ಮೋಟಾರು ಒಮ್ಮೆ ಗುರ್ರೆಂದಿತು. ಮುಚ್ಚಳದ ಸಂದಿಯಿಂದ ಬಿಳಿ ಬೆಳಕು ಹೊರಬಿದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಸರಿಯಿತು. ಪರದೆಯ ಮೇಲೆ ಅವರ ತಂದೆಯ ಕೈಬರಹ ಸಾಲು ಸಾಲಾಗಿ ಇಳಿಯತೊಡಗಿತು, ರಾಗ ತಾಳದ ಹೆಸರುಗಳು ಕೆಂಪು ಶಾಯಿಯಲ್ಲಿ, ಪದ್ಯ ಕಪ್ಪಿನಲ್ಲಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೇಳಿದರು: "ಹಾಗಾದ್ರೆ ಅವ ಹಾಳಾಗಿದೆ ಅಂದದ್ದು ಏನನ್ನ?"

ಈ ಲೇಖನ ಆ ಪ್ರಶ್ನೆಯ ಬೆನ್ನು ಹಿಡಿದು ಬರೆದದ್ದು. ಗಾಜು ಒಡೆದಿರಲಿಲ್ಲ, ದೀಪ ಸುಟ್ಟಿರಲಿಲ್ಲ, ಬೆಲ್ಟ್ ಸಡಿಲಾಗಿರಲಿಲ್ಲ. ಬದಲಾದದ್ದು ಪಕ್ಕದಲ್ಲಿ ಬಂದು ಕೂತ ಕಂಪ್ಯೂಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಕಚೇರಿಗಳಲ್ಲಿ ನಡೆಯುತ್ತಿರುವುದು ಇದೇ. ಅದನ್ನು ನಾವು ಋತು ಬದಲಾದಷ್ಟು ಸಹಜ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಸಿಸ್ಟಂ ಹೊಸದಾದರೆ ಸಾಧನ ಹಳತಾಗುತ್ತದೆ, ಹಳತಾದದ್ದು ಸಾಯುತ್ತದೆ, ಇದಕ್ಕೆ ಯಾರೂ ಹೊಣೆಯಲ್ಲ ಎಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. ಮಾರುವವರು ಹೇಳುತ್ತಾರೆ, ರಿಪೇರಿಯವರು ಹೇಳುತ್ತಾರೆ, ಖರೀದಿ ಫೈಲಿಗೆ ಸಹಿ ಹಾಕುವ ಅಧಿಕಾರಿಯೂ ಹೇಳುತ್ತಾರೆ. ಕಂಪ್ಯೂಟರ್ ಓದಿದ ಮಕ್ಕಳು ಅಪ್ಪ ಅಮ್ಮಂದಿರಿಗೆ ಇದನ್ನೇ ಬುದ್ಧಿಮಾತಾಗಿ ಹೇಳುತ್ತಾರೆ. ಆದರೆ ಇದು ಸುಳ್ಳು, ದುಬಾರಿಯಾದ ಸುಳ್ಳು.

ಸಾಯುವುದು ಸಾಧನವಲ್ಲ, ನಡುವಿನ ದುಭಾಷಿ. ಕಂಪ್ಯೂಟರ್ ತನಗೆ ಬೇಕಾದ್ದನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ. ಸ್ಕ್ಯಾನರಿಗೆ ಗೊತ್ತಿರುವುದು ಬೇರೆ ಭಾಷೆ: ದೀಪ ಹೊತ್ತಿಸು, ಮೋಟಾರು ಇಷ್ಟು ಹೆಜ್ಜೆ ಸರಿಸು, ಒಂದು ಸಾಲಿನ ಬೆಳಕನ್ನು ಅಳೆದು ಕಳಿಸು. ಎರಡರ ನಡುವೆ ಕೂತು ಅನುವಾದ ಮಾಡುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಂ ತನ್ನ ಒಳಗಿನ ನಿಯಮ ಬದಲಿಸಿದಾಗ ಈ ದುಭಾಷಿಯೂ ಹೊಸ ನಿಯಮ ಕಲಿಯಬೇಕು. 32 ಬಿಟ್‌ನ ಕಾಲಕ್ಕೆ ಬರೆದ ಡ್ರೈವರ್ 64 ಬಿಟ್‌ನ ಕರ್ನಲ್ ಒಳಗೆ, ಅಂದರೆ ಸಿಸ್ಟಮಿನ ತಿರುಳಿನೊಳಗೆ, ಹೋಗಲಾರದು. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿ ಇತ್ತು, ವಿಂಡೋಸ್ 11ರಲ್ಲಿ ಇಲ್ಲ. ಹಾಗಾಗಿ ಹಳೆಯ ಸಾಧನಗಳ ಒಂದು ದೊಡ್ಡ ಗುಂಪಿಗೆ ದುಭಾಷಿಯೇ ಇಲ್ಲದಂತಾಯಿತು. ಸಾಧನ ತಯಾರಿಸಿದ ಕಂಪನಿ ಹೊಸ ಡ್ರೈವರ್ ಬರೆದುಕೊಟ್ಟರೆ ಮುಗಿಯಿತು. ಬರೆಯಲಿಲ್ಲ ಅಷ್ಟೇ. 'ಬರೆಯಲಿಲ್ಲ' ಎಂಬುದಕ್ಕೂ 'ಹಾಳಾಗಿದೆ' ಎಂಬುದಕ್ಕೂ ಇರುವ ದೂರ ದೊಡ್ಡದು. ಮೊದಲನೆಯದರಲ್ಲಿ ಒಬ್ಬ ಕರ್ತೃ ಇದ್ದಾನೆ, ಅವನನ್ನು ಕೇಳಬಹುದು. ಎರಡನೆಯದರಲ್ಲಿ ಕರ್ತೃವೇ ಇಲ್ಲ.

ವಯಸ್ಸೇ ಕಾರಣವಾಗಿದ್ದರೆ ಮೊದಲು ಸಾಯಬೇಕಾದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹಾರ್ಡ್‌ವೇರ್ ಅಂಗಡಿಯಲ್ಲೋ, ಕೃಷಿ ಪತ್ತಿನ ಸಹಕಾರ ಸಂಘದಲ್ಲೋ, ಲಾರಿ ಬುಕಿಂಗ್ ಆಫೀಸಿನಲ್ಲೋ ಕರಕರ ಸದ್ದು ಮಾಡುತ್ತ ಮೂರು ಪ್ರತಿಯ ಬಿಲ್ಲನ್ನು ಒಂದೇ ಹೊಡೆತಕ್ಕೆ ಮುದ್ರಿಸುವ ಟಿವಿಎಸ್ ಅಥವಾ ಎಪ್ಸನ್ ಯಂತ್ರ ಎಲ್ಲರೂ ನೋಡಿದ್ದೇ. ಅದು ಆಡುವ ಭಾಷೆಯನ್ನು ಎಪ್ಸನ್ ರೂಪಿಸಿದ್ದು 1980ರ ದಶಕದಲ್ಲಿ. ಯಾವ ಅಂಕಿ ಕಳಿಸಿದರೆ ಅಕ್ಷರ ದಪ್ಪವಾಗುತ್ತದೆ, ಯಾವುದಕ್ಕೆ ಕಾಗದ ಒಂದು ಸಾಲು ಮೇಲೆ ಸರಿಯುತ್ತದೆ ಎಂಬುದೆಲ್ಲ ಪ್ರಿಂಟರಿನ ಜೊತೆ ಬರುತ್ತಿದ್ದ ಕೈಪಿಡಿಯಲ್ಲೇ ಅಚ್ಚಾಗಿರುತ್ತಿತ್ತು. ಬೇರೆ ಕಂಪನಿಗಳೂ ಅದೇ ಭಾಷೆಯನ್ನು ತಮ್ಮ ಪ್ರಿಂಟರುಗಳಿಗೆ ಕಲಿಸಿದವು. ಡಾಸ್ ಹೋಯಿತು, ವಿಂಡೋಸ್ 98 ಹೋಯಿತು, ಎಕ್ಸ್‌ಪಿ ಹೋಯಿತು, ವಿಂಡೋಸ್ 7 ಹೋಯಿತು. ಆ ಪ್ರಿಂಟರ್ ಇನ್ನೂ ಬಿಲ್ ಹೊಡೆಯುತ್ತಿದೆ. ಸರಿಯಾದ ಕೇಬಲ್ ಇದ್ದರೆ ಇವತ್ತಿನ ವಿಂಡೋಸ್ 11ರಲ್ಲೂ, ಲಿನಕ್ಸ್‌ನಲ್ಲೂ ಹೊಡೆಯುತ್ತದೆ. ಕೀಬೋರ್ಡು ಮೌಸುಗಳ ಕಥೆಯೂ ಹೀಗೇ. ಯುಎಸ್‌ಬಿ ಬಂದಾಗ ಅವುಗಳಿಗೆಲ್ಲ ಒಂದೇ ಸಾಮಾನ್ಯ ಭಾಷೆ ಗೊತ್ತುಮಾಡಿ ಪ್ರಕಟಿಸಿದರು, ಅದಕ್ಕೇ ಇಪ್ಪತ್ತು ವರ್ಷ ಹಳೆಯ ಮೌಸನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಬಾಣ ಓಡಾಡುತ್ತದೆ.

ಡಾಟ್ ಮ್ಯಾಟ್ರಿಕ್ಸಿಗಿಂತ ಎಷ್ಟೋ ಹೊಸದಾದ ಲೇಸರ್ ಪ್ರಿಂಟರುಗಳು ಒಂದೇ ಅಪ್‌ಡೇಟಿಗೆ ಅನಾಥವಾಗುವುದು ಏಕೆ? ಬೆಲೆ ಇಳಿಸಲು ತಯಾರಕರು ಪ್ರಿಂಟರಿನ ಒಳಗಿನ ಬುದ್ಧಿಯನ್ನು ತೆಗೆದು ಕಂಪ್ಯೂಟರಿನ ತಲೆಗೆ ಹಾಕಿದರು. ನಮ್ಮ ಕಚೇರಿಗಳಲ್ಲಿ ತುಂಬಿಹೋಗಿದ್ದ ಲೇಸರ್‌ಜೆಟ್ 1020 ಮಾದರಿಗೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದರ ಫರ್ಮ್‌ವೇರನ್ನು ಕಂಪ್ಯೂಟರೇ ತುಂಬಿಸಬೇಕು. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಕಳಿಸುವುದೂ ಕಂಪ್ಯೂಟರೇ. ಇಂಥ ಪ್ರಿಂಟರುಗಳ ಭಾಷೆ ಕಂಪನಿಯ ಗುಟ್ಟು. ಲಿನಕ್ಸ್‌ನ ಹವ್ಯಾಸಿಗಳು ಕೇಬಲ್ಲಿನಲ್ಲಿ ಹರಿಯುವ ಮಾಹಿತಿಯನ್ನು ತಿಂಗಳುಗಟ್ಟಲೆ ಗಮನಿಸಿ, ಊಹಿಸಿ, ತಪ್ಪಿ, ಮತ್ತೆ ಊಹಿಸಿ ಆ ಗುಟ್ಟನ್ನು ಬಿಡಿಸಿದರು. ಇಲ್ಲಿ ಬದುಕು ಸಾವನ್ನು ನಿರ್ಧರಿಸಿದ್ದು ವಯಸ್ಸಲ್ಲ. ಭಾಷೆಯನ್ನು ಪ್ರಕಟಿಸಿದ ಕಡೆ ಯಂತ್ರ ಉಳಿಯಿತು, ಮುಚ್ಚಿಟ್ಟ ಕಡೆ ಸತ್ತಿತು.

ಮುಚ್ಚಿಟ್ಟವರೇ ಒಮ್ಮೆ ಬಾಯಿಬಿಟ್ಟು ಒಪ್ಪಿಕೊಂಡದ್ದೂ ಉಂಟು. ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬಂದದ್ದು 2007ರ ಜನವರಿ 30ರಂದು. ಚಿತ್ರ, ಧ್ವನಿ ಎರಡರ ಒಳವ್ಯವಸ್ಥೆಯನ್ನೂ ಅದು ಬದಲಿಸಿತು. 64 ಬಿಟ್ ಆವೃತ್ತಿಯಲ್ಲಿ ಕರ್ನಲ್ ಡ್ರೈವರುಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. ಲಕ್ಷಾಂತರ ಮನೆಗಳಲ್ಲಿ ಪ್ರಿಂಟರ್, ಸ್ಕ್ಯಾನರ್, ಸೌಂಡ್ ಕಾರ್ಡ್ ನಿಂತವು. ಮೈಕ್ರೋಸಾಫ್ಟಿನ ಮಾಜಿ ಅಧ್ಯಕ್ಷ, ಆಗ ಅದರ ಆಡಳಿತ ಮಂಡಳಿಯ ಸದಸ್ಯರಾಗಿದ್ದ ಜಾನ್ ಶರ್ಲಿಯವರಿಗೇ ಅದೇ ಗತಿಯಾಯಿತು. ತಮ್ಮ ಸಾಧನಗಳಿಗೆ ಡ್ರೈವರ್ ಇಲ್ಲವೆಂದು ಅವರು ಕಂಪನಿಯ ಮುಖ್ಯಸ್ಥರಿಗೆ ಬರೆದ ಇಮೇಲ್ 2008ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ದಾಖಲೆಗಳ ಮೂಲಕ ಹೊರಬಂತು. ಕಂಪನಿಯ ಮೇಲ್ಮನೆಯಲ್ಲಿ ಕೂತವರಿಗೇ ದಾರಿ ಇರಲಿಲ್ಲ ಎಂದಮೇಲೆ ಸಾಗರದ ಮೇಷ್ಟ್ರಿಗೆ ತಿಳಿವಳಿಕೆ ಸಾಲದು ಎನ್ನುವುದು ಅನ್ಯಾಯ.

ಅದೇ 2008ರ ಮಾರ್ಚಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಕಾರ್ಡುಗಳು ವಿಸ್ತಾದಲ್ಲಿ ಅರ್ಧ ಮೂಕವಾಗಿದ್ದವು. ಬ್ರೆಜಿಲ್ ದೇಶದ ಒಬ್ಬ ಹವ್ಯಾಸಿ ಕಂಪನಿಯ ಡ್ರೈವರುಗಳನ್ನೇ ತಿದ್ದಿ, ಇಲ್ಲವಾಗಿದ್ದ ಸೌಲಭ್ಯಗಳನ್ನು ಮರಳಿ ತಂದು ಹಂಚತೊಡಗಿದ. ಕಾರ್ಡುಗಳು ಮತ್ತೆ ಹಾಡಿದವು. ಕಂಪನಿ ಸಂತೋಷಪಡಲಿಲ್ಲ. ನಿಲ್ಲಿಸು ಎಂದು ಬಹಿರಂಗವಾಗಿ ಹೇಳಿತು. ಯಾವ ಸೌಲಭ್ಯ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದು ತನ್ನ ವ್ಯಾಪಾರದ ತೀರ್ಮಾನ, ಅದರ ಹಕ್ಕು ತನಗೆ ಮಾತ್ರ ಎಂಬುದು ಅದರ ವಾದದ ತಿರುಳಾಗಿತ್ತು. ಗ್ರಾಹಕರು ತಿರುಗಿಬಿದ್ದ ಮೇಲೆ ಮೆತ್ತಗಾಯಿತು. ಆದರೆ ಆ ಮಾತು ನೆನಪಿಡಬೇಕಾದದ್ದು. ಸಾಧ್ಯವಿಲ್ಲ ಎಂದು ಅವರು ಹೇಳಲಿಲ್ಲ, ತೀರ್ಮಾನ ಎಂದರು. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಅದನ್ನು 'ಸಾಧ್ಯವಿಲ್ಲ' ಎಂದು ಅನುವಾದಿಸಿ ಹೇಳುತ್ತಿದ್ದಾರೆ.

ಇದಕ್ಕಿಂತ ನೇರ ಸಾಕ್ಷಿ ಬೇಕಿದ್ದರೆ ಒಂದು ಚಿಕ್ಕ ಚಿಪ್ಪನ್ನು ನೋಡಿ. ತೂಕದ ಯಂತ್ರ, ಕಾರ್ಖಾನೆಯ ಹಳೆಯ ಸಿಎನ್‌ಸಿ ಲೇಥ್, ಪ್ರಯೋಗಾಲಯದ ಉಪಕರಣ ಇವೆಲ್ಲ ಹಳೆಯ ಸೀರಿಯಲ್ ಪೋರ್ಟಿನಲ್ಲಿ ಮಾತಾಡುವಂಥವು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟು ಇಲ್ಲದ್ದರಿಂದ ನಡುವೆ ಒಂದು ಯುಎಸ್‌ಬಿ ಕೇಬಲ್ ಹಾಕುತ್ತೇವೆ. ಆ ಕೇಬಲ್ಲಿನ ತಲೆಯಲ್ಲಿ ಬಹಳ ಕಡೆ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ ಇರುತ್ತದೆ. ಅದರ ಹಳೆಯ ಮಾದರಿಯನ್ನು ವಿಂಡೋಸ್ 11ಕ್ಕೆ ಸಿಕ್ಕಿಸಿದರೆ, 2012ರಿಂದಲೇ ಇದನ್ನು ನಿಲ್ಲಿಸಲಾಗಿದೆ, ಮಾರಿದವರನ್ನು ಸಂಪರ್ಕಿಸಿ ಎಂಬ ಅರ್ಥದ ಸಾಲು ಡಿವೈಸ್ ಮ್ಯಾನೇಜರಿನಲ್ಲಿ ಕಾಣುತ್ತದೆ. ಅದೇ ಕಂಪ್ಯೂಟರಿನಲ್ಲಿ, ಅದೇ ವಿಂಡೋಸಿನಲ್ಲಿ, ಅದೇ ಕಂಪನಿಯ ಹಿಂದಿನ ಡ್ರೈವರನ್ನು ಕೈಯಾರೆ ಆರಿಸಿದರೆ ಚಿಪ್ ಸರಾಗವಾಗಿ ಕೆಲಸ ಮಾಡುತ್ತದೆ. ಹೊಸ ಡ್ರೈವರ್ ಚಿಪ್ಪನ್ನು ಗುರುತಿಸುತ್ತದೆ, ಗುರುತಿಸಿದ ಮೇಲೇ ಬೇಡವೆನ್ನುತ್ತದೆ. ನಕಲಿ ಚಿಪ್ಪುಗಳ ಕಾಟ ತಡೆಯಲು ಎಂದು ಇದಕ್ಕೆ ಸಮರ್ಥನೆ ಉಂಟು. ನಕಲಿ ಮಾಡಿದವನು ಎಲ್ಲೋ ಆರಾಮಾಗಿದ್ದಾನೆ. ಶಿಕ್ಷೆ ಅನುಭವಿಸುವುದು ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಮುಂದೆ ನಿಂತವನು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಎಂಬ ಮತ್ತೊಂದು ಕಂಪನಿ ಒಂದು ಹೆಜ್ಜೆ ಮುಂದೆ ಹೋಯಿತು. ವಿಂಡೋಸ್ ಅಪ್‌ಡೇಟಿನಲ್ಲಿ ಬಂದ ಅದರ ಡ್ರೈವರ್, ನಕಲಿ ಎಂದು ಕಂಡ ಚಿಪ್ಪಿನ ಗುರುತಿನ ಸಂಖ್ಯೆಯನ್ನೇ ಅಳಿಸಿ ಸೊನ್ನೆ ಮಾಡಿಬಿಡುತ್ತಿತ್ತು. ಗದ್ದಲವಾದ ಮೇಲೆ ಆ ಅಪ್‌ಡೇಟನ್ನು ಹಿಂದಕ್ಕೆ ತೆಗೆದರು. ಬೇರೆಯವರ ಮನೆಯೊಳಗಿನ ವಸ್ತುವನ್ನು ದೂರದಿಂದಲೇ ಕೊಲ್ಲುವ ಅಧಿಕಾರ ತಮಗಿದೆ ಎಂದು ಒಂದು ಕಂಪನಿಗೆ ಅನ್ನಿಸಿತಲ್ಲ, ಅದು ಹೆದರಿಕೆ ಹುಟ್ಟಿಸುವ ಸಂಗತಿ.

ಇನ್ನು ಭದ್ರತೆಯ ವಾದ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ, ಹಾಗಾಗಿ ಗೌರವದಿಂದ ನೋಡಬೇಕು. ಕರ್ನಲ್ ಒಳಗೆ ಓಡುವ ಡ್ರೈವರಿಗೆ ಇಡೀ ಯಂತ್ರದ ಮೇಲೆ ಹಿಡಿತ ಇರುತ್ತದೆ, ಅದರಲ್ಲಿ ತೂತಿದ್ದರೆ ಕಳ್ಳ ಅಲ್ಲಿಂದಲೇ ನುಗ್ಗುತ್ತಾನೆ. ಇದು ನಿಜ. ವಿಂಡೋಸ್ ಜೊತೆಗೇ ವರ್ಷಗಳಿಂದ ಬರುತ್ತಿದ್ದ ಅಗೇರೆ ಮೋಡೆಮಿನ ಡ್ರೈವರಿನಲ್ಲಿ ಅಂಥ ತೂತು ಸಿಕ್ಕಿತು. 2025ರ ಅಕ್ಟೋಬರ್ 14ರ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಆ ಡ್ರೈವರನ್ನೇ ಕಿತ್ತುಹಾಕಿತು. ಅದನ್ನು ನಂಬಿದ್ದ ಫ್ಯಾಕ್ಸ್ ಮೋಡೆಮುಗಳು ಅಂದಿಗೆ ನಿಂತವು. ತೂತು ಮುಚ್ಚಲಿಲ್ಲ, ಗೋಡೆಯನ್ನೇ ಕೆಡವಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು.

ಅಪಾಯ ಹಳೆಯದರಲ್ಲೇ ಇದೆ ಎಂಬುದೂ ನಿಲ್ಲುವ ಮಾತಲ್ಲ. 2021ರ ಜುಲೈಯಲ್ಲಿ ಜಗತ್ತನ್ನು ಕಾಡಿದ ಪ್ರಿಂಟ್‌ನೈಟ್‌ಮೇರ್ ದೋಷ ಇದ್ದದ್ದು ಯಾವ ಹಳೆಯ ಪ್ರಿಂಟರಿನಲ್ಲೂ ಅಲ್ಲ, ವಿಂಡೋಸಿನದೇ ಮುದ್ರಣ ವ್ಯವಸ್ಥೆಯಲ್ಲಿ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಒಮ್ಮೆಲೇ ನೀಲಿ ಪರದೆ ತೋರಿಸಿ ಬಿದ್ದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಅದಕ್ಕೆ ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಅದೇ ದಿನ ಕಳಿಸಿದ ಹೊಚ್ಚ ಹೊಸ ಅಪ್‌ಡೇಟು. ಕೋಡನ್ನು ನೋಡಿಕೊಳ್ಳುವವರು, ತಿದ್ದುವವರು ಇದ್ದಾರೆಯೇ ಎಂಬುದು ಮುಖ್ಯ, ಕೋಡಿನ ಹುಟ್ಟಿದ ದಿನಾಂಕವಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ಕ್ಯಾನರ್ ಪ್ರಿಂಟರುಗಳ ದುಭಾಷಿ ಕರ್ನಲ್ ಒಳಗೆ ಕೂರಬೇಕಾದ ಅಗತ್ಯವೇ ಇಲ್ಲ. ಲಿನಕ್ಸ್‌ನಲ್ಲಿ ಸ್ಕ್ಯಾನರುಗಳನ್ನು ನಡೆಸುವ 'ಸೇನ್', ಪ್ರಿಂಟರುಗಳನ್ನು ನಡೆಸುವ 'ಕಪ್ಸ್' ಎರಡೂ ಕರ್ನಲ್ ಹೊರಗೆ, ಸಾಮಾನ್ಯ ಪ್ರೋಗ್ರಾಮುಗಳಂತೆ ಓಡುತ್ತವೆ. ಮೇಷ್ಟ್ರ ಸ್ಕ್ಯಾನರಿನ ದೀಪ ಹೊತ್ತಿಸಿದ್ದು ಈ ಸೇನ್. ಎಡ್ ಹ್ಯಾಮ್ರಿಕ್ ಎಂಬ ಎಂಜಿನಿಯರ್ 1998ರಲ್ಲಿ ಶುರು ಮಾಡಿದ ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಸಾವಿರಾರು ಹಳೆಯ ಸ್ಕ್ಯಾನರುಗಳನ್ನು ಇವತ್ತಿನ ವಿಂಡೋಸ್, ಮ್ಯಾಕ್‌ಗಳಲ್ಲೂ ನಡೆಸುತ್ತದೆ. ದೊಡ್ಡ ಕಂಪನಿಗಳು ಆಗದು ಎಂದು ಕೈಚೆಲ್ಲಿದ್ದನ್ನು ಒಂದು ಕುಟುಂಬದ ಪುಟ್ಟ ಉದ್ಯಮ ಮಾಡಿಕೊಂಡು ಬಂದಿದೆ.

"ಕಂಪನಿ ಎಷ್ಟು ವರ್ಷ ಅಂತ ನೋಡಿಕೊಳ್ಳಬೇಕು ಸ್ವಾಮಿ? ಅವರಿಗೂ ಖರ್ಚಿಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯಾವ ಕಂಪನಿಯೂ ಕೊನೆಯವರೆಗೆ ಡ್ರೈವರ್ ಬರೆಯುತ್ತಲೇ ಇರಲಿ ಎಂದು ನಾನು ಕೇಳುತ್ತಿಲ್ಲ. ಬಿಡುವಾಗ ಬೀಗದ ಕೈಯನ್ನು ಕೊಟ್ಟು ಹೋಗಿ ಎನ್ನುತ್ತಿದ್ದೇನೆ. ಡ್ರೈವರಿನ ಸೋರ್ಸ್ ಕೋಡ್, ಅದಾಗದಿದ್ದರೆ ಸಾಧನ ಆಡುವ ಭಾಷೆಯ ವಿವರ, ಇವನ್ನು ಪ್ರಕಟಿಸಲು ಆಗುವ ಖರ್ಚು ಒಂದು ಜಾಹೀರಾತಿನ ಖರ್ಚಿಗಿಂತ ಕಡಿಮೆ. ಮಾರಾಟ ನಿಂತು ಹತ್ತು ವರ್ಷವಾದ ಸ್ಕ್ಯಾನರಿನ ಗುಟ್ಟಿನಿಂದ ಯಾವ ಪ್ರತಿಸ್ಪರ್ಧಿಗೂ ಲಾಭವಿಲ್ಲ. ಉಳಿದದ್ದನ್ನು ಮಾಡುವವರು ಜಗತ್ತಿನ ತುಂಬ ಇದ್ದಾರೆ. ಇಡೀ ಮುಕ್ತ ತಂತ್ರಾಂಶ ಚಳವಳಿ ಹುಟ್ಟಿದ್ದೇ ಇಂಥ ಒಂದು ನಿರಾಕರಣೆಯಿಂದ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಸುವಂತೆ ತಂತ್ರಾಂಶ ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಬಯಸಿದರು. ಹಿಂದಿನ ಪ್ರಿಂಟರಿಗೆ ಹಾಗೆ ಮಾಡಿದ್ದರು ಕೂಡ. ಹೊಸದರ ಸೋರ್ಸ್ ಕೋಡ್ ಕೇಳಿದರೆ ಸಿಗಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಪ್ರಕಟಿಸಿದ್ದಕ್ಕೆ ಆ ಕಹಿಯೂ ಒಂದು ಕಾರಣ. ಲಿನಕ್ಸ್‌ನಲ್ಲೂ ಡ್ರೈವರುಗಳು ಅನಾಥವಾಗುವುದುಂಟು, ಬಳಸುವವರಿಲ್ಲದ್ದನ್ನು ಅವರೂ ತೆಗೆಯುತ್ತಾರೆ. ಆದರೆ ತೆಗೆದದ್ದರ ಕೋಡ್ ಎಲ್ಲರ ಕಣ್ಣೆದುರಿಗೇ ಉಳಿದಿರುತ್ತದೆ. ಬೇಕಾದವರು ಎತ್ತಿಕೊಂಡು ಮತ್ತೆ ನಡೆಸಬಹುದು.

ಇದುವರೆಗೆ ಹೇಳಿದ್ದು ಕಂಪ್ಯೂಟರಿಗೆ ಸಿಕ್ಕಿಸುವ ಸಾಧನಗಳ ಮಾತು. ಈಗ ಕಂಪ್ಯೂಟರಿಗೇ ಅದೇ ಬರೆ ಬಿದ್ದಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ 2017ರಲ್ಲಿ ಬಂದ ಎಂಟನೇ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಹೊಸದೋ ಇರಬೇಕು. 24 ಕೋಟಿ ಕಂಪ್ಯೂಟರುಗಳು ಇದರಿಂದ ಕಸವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಈ ಗೆರೆ ತಂತ್ರಜ್ಞಾನವೇ ಎಳೆದದ್ದು, ಮನುಷ್ಯರ ಕೈ ಅದರಲ್ಲಿಲ್ಲ ಎಂದು ನಂಬುವವರು ಒಂದು ಸಂಗತಿ ಗಮನಿಸಲಿ. ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಕಂಪ್ಯೂಟರಿನಲ್ಲಿದ್ದದ್ದು ಏಳನೇ ತಲೆಮಾರಿನ ಒಂದು ಪ್ರೊಸೆಸರ್. 2021ರ ಆಗಸ್ಟಿನಲ್ಲಿ ಆ ಒಂದು ಪ್ರೊಸೆಸರನ್ನು ಒಪ್ಪಿಗೆಯ ಪಟ್ಟಿಗೆ ಸೇರಿಸಿದರು. ಅದೇ ತಲೆಮಾರಿನ, ನಮ್ಮ ಕಾಲೇಜುಗಳ ಲ್ಯಾಬಿನಲ್ಲಿರುವ ಸಾಮಾನ್ಯ ಪ್ರೊಸೆಸರುಗಳು ಹೊರಗೇ ಉಳಿದವು. ಬಾಗಿಸಲು ಬರುವ ಗೆರೆಯನ್ನು ಪ್ರಕೃತಿ ನಿಯಮ ಎನ್ನಬಾರದು.

ಹೊರಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಎಷ್ಟೋ ಭಾಗ ಬಯಲಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವ ಬಡವರ ಎದೆಗೂಡಿಗೆ ಹೊಗೆಯಾಗಿ ಹೋಗುತ್ತದೆ.

ನೆರೆಯ ಕೇರಳ ಬೇರೆ ದಾರಿ ಹಿಡಿದು ಬಹಳ ವರ್ಷವಾಯಿತು. ಅಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಲಿನಕ್ಸ್. ಶಾಲೆಗಳಿಗಾಗಿ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯನ್ನು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಾಕಲು ಹೊರಟಾಗ, ಇದರಿಂದ ಉಳಿಯುವ ಪರವಾನಗಿ ಹಣ 3,000 ಕೋಟಿ ರೂಪಾಯಿ ಎಂದು ಅಲ್ಲಿನ ಕೈಟ್ ಸಂಸ್ಥೆ ಲೆಕ್ಕ ಕೊಟ್ಟಿತು. ಹಣಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ತಮ್ಮ ಲ್ಯಾಬಿನ ಕಂಪ್ಯೂಟರ್ ಎಂದು ಸಾಯಬೇಕು ಎಂಬುದನ್ನು ಆ ಶಾಲೆಗಳು ಬೇರೆಯವರ ಕೈಗೆ ಕೊಟ್ಟಿಲ್ಲ.

ನಮ್ಮಲ್ಲಿ ಈ ಕಷ್ಟ ಎಷ್ಟು ಹಳೆಯದು ಎಂದು ನೋಡಬೇಕಾದರೆ ಯಾವುದಾದರೂ ಹಳೆಯ ಕನ್ನಡ ಪ್ರೆಸ್ಸಿಗೆ ಹೋಗಿ. ಮೂಲೆಯಲ್ಲಿ ಎಕ್ಸ್‌ಪಿ ಓಡುವ ಒಂದು ಯಂತ್ರವನ್ನು ಬಟ್ಟೆ ಹೊದಿಸಿ ಕಾಪಾಡಿಕೊಂಡಿರುತ್ತಾರೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲಿನಲ್ಲಿ. ಆದರೂ ಬಿಡಲಾರರು. ಪೇಜ್‌ಮೇಕರಿನ ಹಳೆಯ ಫೈಲುಗಳು ಅದರಲ್ಲಿವೆ, ಕನ್ನಡ ಫಾಂಟಿನ ತಂತ್ರಾಂಶ ತೆರೆಯಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಬೇಕು, ಆ ಡಾಂಗಲ್ಲಿಗೆ ಹೊಸ ಸಿಸ್ಟಮಿನಲ್ಲಿ ಡ್ರೈವರ್ ಇಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ತುಂಡು. ಇಪ್ಪತ್ತು ವರ್ಷದ ಪುಸ್ತಕಗಳು, ಸ್ಮರಣ ಸಂಚಿಕೆಗಳು, ಜಿಲ್ಲಾ ಪತ್ರಿಕೆಗಳ ಸಂಚಿಕೆಗಳು ಅದರ ಹಿಂದೆ ಸಿಕ್ಕಿಕೊಂಡಿವೆ. ಆ ಮುದ್ರಕರನ್ನು ಹಳಬರು, ಬದಲಾಗಲು ಒಪ್ಪದವರು ಎಂದು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅವರು ಮೊಂಡರಲ್ಲ. ತಾವು ಜೋಡಿಸಿದ ಕನ್ನಡವನ್ನು ಕಾಯುತ್ತಿದ್ದಾರೆ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ವಾಹನ, ಗೃಹೋಪಯೋಗಿ ವಸ್ತು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಬ ನಾಲ್ಕು ವಲಯಗಳಲ್ಲಿ ಬಿಡಿಭಾಗ, ಕೈಪಿಡಿ, ರಿಪೇರಿಯ ಮಾಹಿತಿ ಜನರಿಗೆ ಸಿಗಬೇಕೆಂಬುದು ಅದರ ಉದ್ದೇಶ. ನನ್ನ ಒತ್ತಾಯ ಇಷ್ಟು: ಡ್ರೈವರ್ ಕೂಡ ಒಂದು ಬಿಡಿಭಾಗ ಎಂದು ಕಾನೂನು ಹೇಳಬೇಕು. ಟ್ರ್ಯಾಕ್ಟರಿನ ಬೇರಿಂಗ್ ಸಿಗದಿದ್ದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಡ್ರೈವರ್ ಸಿಗದಿದ್ದರೆ ಸ್ಕ್ಯಾನರ್ ನಿಲ್ಲುತ್ತದೆ. ಹಾಗೆಯೇ ನಮ್ಮ ರಾಜ್ಯ ಸರ್ಕಾರ ಟೆಂಡರ್ ಕರೆಯುವಾಗ ಪ್ರಕಟಿತ ಭಾಷೆಯಲ್ಲಿ ಮಾತಾಡುವ ಪ್ರಿಂಟರ್, ಸ್ಕ್ಯಾನರುಗಳನ್ನಷ್ಟೇ ಕೊಳ್ಳುತ್ತೇವೆ ಎಂಬ ಒಂದು ಸಾಲು ಸೇರಿಸಲಿ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್, ಐಪಿಪಿ ಯಾವುದಾದರೂ ಆದೀತು. ತಾಲ್ಲೂಕು ಕಚೇರಿ, ಶಾಲೆ, ಆಸ್ಪತ್ರೆ ಎಲ್ಲ ಸೇರಿದರೆ ಆ ಒಂದು ಸಾಲಿನ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕಲಾರದು. ಮೂರನೆಯವರ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟಿನಲ್ಲಿ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು, ಇನ್ನು ಮುಂದೆ ಎಲ್ಲ ಪ್ರಿಂಟರುಗಳಿಗೂ ಐಪಿಪಿಯ ಒಂದೇ ಭಾಷೆ ಎಂಬುದು ಅದರ ದಾರಿ. ದಾರಿ ಒಳ್ಳೆಯದೇ. ಆದರೆ ಆ ಭಾಷೆ ತಿಳಿಯದ ಹಳೆಯ ಪ್ರಿಂಟರುಗಳಿಗೆ ಸೇತುವೆ ಬೇಕು. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಕಪ್ಸ್ ಹಾಕಿ ಹಳೆಯ ಪ್ರಿಂಟರನ್ನು ಅದಕ್ಕೆ ಕಟ್ಟಿದರೆ, ಎಷ್ಟೋ ಮಾದರಿಗಳು ಹೊಸ ಫೋನುಗಳಿಗೂ ಲ್ಯಾಪ್‌ಟಾಪುಗಳಿಗೂ ಇಂದಿನ ಪ್ರಿಂಟರಾಗಿಯೇ ಕಾಣುತ್ತವೆ.

ಹೊಸದು ಕೊಂಡರೆ ಹಳೆಯದಕ್ಕಿಂತ ಒಳ್ಳೆಯದೇ ಬರುತ್ತದಲ್ಲ ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. ಅಂಗಡಿಯ ಹುಡುಗ ಮೇಷ್ಟ್ರಿಗೆ ಒಂದು ತೆಳ್ಳನೆಯ ಹೊಸ ಸ್ಕ್ಯಾನರನ್ನು ನೋಡಲು ಕೊಟ್ಟಿದ್ದ. ನೋಟ್‌ಬುಕ್ಕಿನಷ್ಟು ಹಗುರ, ಬೇರೆ ಕರೆಂಟೂ ಬೇಡ. ಅದರ ಮೇಲೆ ಪ್ರಸಂಗದ ಪುಸ್ತಕ ಇಟ್ಟು ಸ್ಕ್ಯಾನ್ ಮಾಡಿದೆವು. ಪುಟದ ನಡುಭಾಗ ಚೆನ್ನಾಗಿತ್ತು. ಹೊಲಿಗೆಯ ಹತ್ತಿರ ಪುಟ ಗಾಜಿನಿಂದ ಮೇಲೆದ್ದ ಕಡೆ ಅಕ್ಷರಗಳೆಲ್ಲ ಮಸುಕು, ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರ ಓದಲಾಗದು. ಇಂಥ ತೆಳು ಸ್ಕ್ಯಾನರುಗಳ ಸಂವೇದಕ ಗಾಜಿಗೆ ಅಂಟಿಕೊಂಡಂತೆ ಕೂತಿರುತ್ತದೆ, ಗಾಜಿಗೆ ತಾಗಿದ್ದು ಮಾತ್ರ ಅದಕ್ಕೆ ನಿಚ್ಚಳವಾಗಿ ಕಾಣುತ್ತದೆ. ಮೇಷ್ಟ್ರ ಹಳೆಯ ಸ್ಕ್ಯಾನರಿನದು ಕನ್ನಡಿ, ಲೆನ್ಸುಗಳ ಮೂಲಕ ನೋಡುವ ಸಿಸಿಡಿ. ಅದು ಗಾಜಿನಿಂದ ತುಸು ದೂರ ಇದ್ದದ್ದನ್ನೂ ನೋಡುತ್ತದೆ, ಹೊಲಿಗೆಯ ಸಂದಿಯ ಅಕ್ಷರವನ್ನೂ ಬಿಡಿಸುತ್ತದೆ. ಗುಜರಿಗೆ ಹಾಕಿ ಎಂದದ್ದು ಈ ಕೆಲಸಕ್ಕೆ ಎರಡರಲ್ಲಿ ಉತ್ತಮವಾದ ಯಂತ್ರವನ್ನು.

ಈಗ ಆ ಸ್ಕ್ಯಾನರ್ ಮೇಷ್ಟ್ರ ಮನೆಯಲ್ಲಿ ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರಿಗೆ ಕಟ್ಟಿಕೊಂಡು ಕೂತಿದೆ. ಆ ಕಂಪ್ಯೂಟರನ್ನೂ ಯಾರೋ ವಿಂಡೋಸ್ 11ಕ್ಕೆ ಆಗದು ಎಂದು ಬಿಟ್ಟುಕೊಟ್ಟದ್ದು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಂಚದ ಕೆಳಗೋ ಅಟ್ಟದ ಮೇಲೋ ಇದ್ದೀತು. ಗುಜರಿಯವನನ್ನು ಕರೆಯುವ ಮೊದಲು ಒಂದು ಸಂಜೆ ಅದಕ್ಕೆ ಕೊಡಿ. ಲಿನಕ್ಸ್ ಪೆನ್ ಡ್ರೈವ್ ಹಾಕಿ ನೋಡಿ, ಗೊತ್ತಿರುವ ಹುಡುಗರನ್ನು ಕೇಳಿ. ಅದರಲ್ಲೂ ಆಗದಿದ್ದರೆ ತಯಾರಿಸಿದ ಕಂಪನಿಗೆ ಎರಡು ಸಾಲು ಬರೆಯಿರಿ: ಯಂತ್ರ ಸರಿಯಿದೆ, ನೀವು ಡ್ರೈವರ್ ಯಾಕೆ ಬರೆಯಲಿಲ್ಲ, ಬರೆಯುವುದಿಲ್ಲವಾದರೆ ಅದರ ವಿವರವನ್ನು ಯಾವಾಗ ಪ್ರಕಟಿಸುತ್ತೀರಿ? ಅದೇ ಕಾಗದದ ಪ್ರತಿಯನ್ನು ಗ್ರಾಹಕ ವ್ಯವಹಾರಗಳ ಇಲಾಖೆಗೂ ಕಳಿಸಿ.